ಅಖಿಲ ಗಜೇಂದ್ರಗಡ ಆ್ಯಪ್ ಶಿಫಾರಸು ಮಂಡಳಿ

ಗಜೇಂದ್ರಗಡ
11 ಆಗಸ್ಟ್ 2025

ಅಖಿಲ ಗಜೇಂದ್ರಗಡ ಮೊಬೈಲ್ ಆ್ಯಪ್ ಶಿಫಾರಸು ಮಂಡಳಿ
ಅಧ್ಯಕ್ಷ, ಕಾರ್ಯದರ್ಶಿ ಹಾಗೂ ಜವಾನ: ಕೊಟ್ರೇಶ

ವಿಷಯ: ಒಡಹುಟ್ಟಿದ ತಮ್ಮನ ಫೋನ್ ಎತ್ತದೆ ಇರುವ ಘೋರ ಅಪರಾಧದ ಕುರಿತು.

ಗಜೇಂದ್ರಗಡದ ಮಗಳೂ ಕೊಣ್ಣೂರಿನ ಸೊಸೆಯೂ ಆದ ಮಹೇಶ್ವರಿ ಅಕ್ಕನವರಿಗೆ,

ಪಂಚಮಿಗೆ ತವರಿಗೆ ಬಂದ ತಾವು ಉಂಡಿಯ ಡಬ್ಬಿ, ಆರು ತಿಂಗಳ ಕೂಸು ಮತ್ತು ಆರು ವರ್ಷದ ಚಿನ್ನು ಇಷ್ಟನ್ನೂ ಹೊತ್ತು ಬಸ್ಸು ಹತ್ತುವಾಗ, ಈ ಮಂಡಳಿಯು ತಮ್ಮ ಕೈಗೆ ಒಂದು ಸ್ಮಾರ್ಟ್‌ಫೋನನ್ನು ಒಪ್ಪಿಸಿದ್ದು ಸರಿಯಷ್ಟೇ. ಸದರಿ ಫೋನ್ ಸೆಕೆಂಡ್ ಹ್ಯಾಂಡ್ ಆದರೂ, ಅಧ್ಯಕ್ಷರು ಸ್ವಂತ ಹಸ್ತದಿಂದ ಅದಕ್ಕೆ ಹೊಸ ಗಾಜು ಕೂಡಿಸಿದ್ದರು. ಅಂದಿನಿಂದ ಮಾಡಿದ ಕರೆಗಳಿಗೆ ಉತ್ತರವಿಲ್ಲ. ಕಳಿಸಿದ ಧ್ವನಿ ಸಂದೇಶಗಳಿಗೆ ಉತ್ತರವಿಲ್ಲ. ಒಮ್ಮೆ ಮಾತ್ರ ಒಂದು ಹೆಬ್ಬೆರಳಿನ ಚಿತ್ರ ಬಂದಿದೆ.

ಸಾಕು, ಇಷ್ಟು ಶುದ್ಧ ಬರದ್ರ ಕೈ ಹಿಡಕೋತೈತಿ. ಅಕ್ಕಾ, ಏನಾಗೈತಿ ನಿಂಗ? ನಿನ್ನ ಗಂಡ ಕಲ್ಲೇಶ ಮಾವಗ ಫೋನ್ ಹಚ್ಚಿದ್ರ, "ಅಕೀ ಅಡಗಿ ಮನ್ಯಾಗ ಅದಾಳ, ಪತ್ರ ಬರಿ ಅಂತ ಹೇಳ್ಯಾಳ ನೋಡಪಾ" ಅಂದ್ರು. ಪತ್ರ! ಮೊಬೈಲ್ ಅಂಗಡ್ಯಾಗ ದುಡಿಯೋ ಮನಷ್ಯಾ ಅಂಚೆ ಲಕೋಟಿ ತರಾಕ ಹೊಂಟ್ರ ನಮ್ಮ ಮಾಲಕ ಆಫ್ತಾಬಣ್ಣ ಬಿದ್ದ ಬಿದ್ದ ನಕ್ಕ. "ಮಿಠಾಯಿ ಅಂಗಡಿಯಾವ ಪಕ್ಕದ ಮನ್ಯಾಗ ಸಕ್ರಿ ಕೇಳಿದಂಗ ಆತಲೇ" ಅಂದ.

ಇರಲಿ. ಮಂಡಳಿ ತನ್ನ ಕರ್ತವ್ಯ ಬಿಡಂಗಿಲ್ಲ. ನಿನ್ನ ಫೋನಿನ್ಯಾಗ ಏನೇನು ಹಾಕಿ ಕೊಟ್ಟೀನಿ, ಕೇಳು. ಮೋಡದ ಚಿತ್ರ ಐತೆಲ್ಲಾ, ಅದು ಮಳಿ ಮತ್ತ ಸಿಡಿಲಿನ ಆ್ಯಪ್. ಸಿಡಿಲು ನಿಮ್ಮೂರ ಕಡೆ ಬರಾಕ ಹತ್ತಿದ್ರ ನಕಾಶಿ ಕೆಂಪಾಗತೈತಿ, ಮಾವನ್ನ ಹೊಲದಿಂದ ಕರಕೊಂಡು ಬಾ. ಎಲಿ ಚಿತ್ರ ಇರೋದು ಬೆಳಿ ರೋಗದ್ದು. ಎಲಿ ಫೋಟೋ ಹಾಕಿದ್ರ ರೋಗದ ಹೆಸರು ಹೇಳತೈತಿ. ಪರೀಕ್ಷಾ ಮಾಡಾಕ ನಾನು ಆಫ್ತಾಬಣ್ಣನ ಗಡ್ಡದ ಫೋಟೋ ಹಾಕಿದೆ, "ಬೂಜು ರೋಗ, ಕೂಡಲೇ ಸಿಂಪಡಿಸಿ" ಅಂತು. ರೇಡಿಯೋ ಆ್ಯಪಿನ್ಯಾಗ ಧಾರವಾಡದ ಹಾಡು ಬರ್ತಾವು, ರೊಟ್ಟಿ ಬಡಿಯೋವಾಗ ಹಚ್ಕೋ. ಇನ್ನ ಮುಳ್ಳಿನ ಚಿತ್ರ ಇರೋದು ಬರೇ ಮೋಜಿಂದು. ಗದ್ದಲ ಅಳಿಯೋ ಆ್ಯಪ್. ನಿಮ್ಮತ್ತಿ ಮಾಯವ್ವ ಚಿನ್ನೂನ ಬೈಯೋವಾಗ ಸುಮ್ಮನ ಮುಂದ ಹಿಡಿ, ಮುಳ್ಳು ಎಲ್ಲಿಗೆ ಹೊಕ್ಕೈತಿ ಬರದು ಕಳಸು. ರಾಷ್ಟ್ರೀಯ ದಾಖಲೆ ಆದ್ರೂ ಆಗಬಹುದು.

ಈ ವಾರ ಒಂದು ಧ್ವನಿ ಸಂದೇಶ ಕಳಸ್ತೀನಿ. ಭಾಳ ಗಂಭೀರ ವಿಷಯ. ಕುಂತು ಕೇಳು.

ಮಣಿಕಟ್ಟಿನ ಗೀರು ಮಾದಾವೇನು? ಬಳಿ ಒಡದು ಹತ್ತಿದ್ದು ಅಂದಿದ್ದಿ.

ಇಂತಿ ತಮ್ಮ ಅವಿಧೇಯ,
ಕೊಟ್ರೇಶ


ಕೊಣ್ಣೂರು
20 ಆಗಸ್ಟ್ 2025

ಕೊಟ್ಯಾ,

ಲಕೋಟಿ ಮ್ಯಾಲ "ಮಂಡಳಿ" ಅಂತ ನೋಡಿ ಅಂಚೆಯ ಹೂವಪ್ಪ ಅಂಜಿ ನನ್ನ ಕಡೆ ಸಹಿ ಹಾಕಿಸಿಕೊಂಡಾನ. ಇನ್ನ ಮ್ಯಾಲ ಬರೇ ಹೆಸರು ಬರಿ.

ಫೋನ್ ಎತ್ತಲಿಲ್ಲ ಅಂತ ಸಿಟ್ಟಾಗಬ್ಯಾಡ. ಅದು ಯಾವಾಗಲೂ ಚಿನ್ನೂನ ಕೈಯಾಗ ಇರ್ತೈತಿ. ನೀ ಟೈಪ್ ಮಾಡಿ ಕಳಿಸಿದ್ರೂ ಅಂವ ಒತ್ತಿ ಒತ್ತಿ ಅಳಸಿ ಹಾಕ್ತಾನ. ಪತ್ರ ಆದ್ರ ನನ್ನ ಕೈಯಾಗ ಉಳಿತೈತಿ, ಕೆಲಸ ಮುಗದ ಮ್ಯಾಲ ಎರಡೆರಡು ಸಲ ಓದಬಹುದು. ಅದಕ್ಕ ಪತ್ರಾನ ಬರಿ.

ಸಿಡಿಲಿನ ಆ್ಯಪ್ ಖರೇ ಉಪಯೋಗಕ್ಕ ಬಂತು. ಮೊನ್ನೆ ಕೆಂಪಾತು. ಕೂಸಿನ್ನ ಅತ್ತಿ ಕೈಯಾಗ ಕೊಟ್ಟು ಓಡಿ ಹೋಗಿ ಇವರನ್ನ ಗೋವಿನಜೋಳದ ಹೊಲದಿಂದ ಕರಕೊಂಡು ಬಂದೆ. ಬಂದು ಚಾ ಕುಡಿಯೋದ್ರಾಗ ಆಕಡೆ ಬೇವಿನ ಗಿಡಕ್ಕ ಸಿಡಿಲು ಬಡೀತು. ಎಲಿ ಆ್ಯಪೂ ಚಲೋ ಐತಿ. ರೇಡಿಯೋನೂ ಚಲೋನ ಐತಿ ಬಿಡು. ನೀ ಮೋಜಿಂದು ಅಂದೆಲ್ಲಾ, ಮುಳ್ಳಿಂದು, ಅದು ಎಲ್ಲಾಕ್ಕಿಂತ ಚಲೋ. ಅತ್ತಿ ಹಿತ್ತಲದಾಗಿಂದ ಕರದ್ರ ಮುಳ್ಳು ಎಪ್ಪತ್ತಕ್ಕ ಬರ್ತೈತಿ, ಪಡಸಾಲ್ಯಾಗಿಂದ ಕರದ್ರ ಎಂಬತ್ತು ದಾಟತೈತಿ. ಅದನ್ನ ಒಲಿ ಹತ್ರ ಗೋಡಿಗೆ ಆನಿಸಿ ಇಟ್ಟೀನಿ. ಚಿನ್ನು ಕಸಗೊಂಡ್ರ ಬೈದು ಮತ್ತ ಇಡ್ತೀನಿ.

ನೀ ಕಳಿಸಿದ ಸಂದೇಶ ಕೇಳಿದೆ. ಭಾಳ ಚಲೋ ಆತು. ಹಿಂಗ ಮಾಡ್ತಿರು. ಅವ್ವಗೂ ಕೇಳಸು.

ಶುಕ್ರವಾರ ಎದುರು ಮನಿ ಹೊನ್ನವ್ವ ದೊಡ್ಡಮ್ಮನ ಮಗಳ ಕೂಸಿನ್ನ ತೊಟ್ಟಲದಾಗ ಹಾಕ್ತಾರ. ನಾನು ಸೊಸಿಯಾಗಿ ಬಂದ ಹೊಸದಾಗ ಈ ಊರಾಗ ನನ್ನ ಕೂಡ ಮೊದಲ ಮಾತಾಡಿದಾಕಿ ಅಕೀನ. ಅವ್ವ ಕೊಟ್ಟ ಪಟ್ಟೇದಂಚಿನ ಸೀರಿ ಈಗ ತಗದು ಇಟ್ಟೀನಿ.

ಗೀರು ಮಾದಾವು.

ನಿನ್ನ ಅಕ್ಕ,
ಮಹೇಶ್ವರಿ


ಗಜೇಂದ್ರಗಡ
30 ಆಗಸ್ಟ್ 2025

ಗುರುಗಳ ಪಾದಾರವಿಂದಗಳಿಗೆ ಈ ಪಾಮರನ ದೀರ್ಘದಂಡ ನಮಸ್ಕಾರಗಳು.

ಸದರಿ ಧ್ವನಿ ಸಂದೇಶದಲ್ಲಿ ಈ ಅಧ್ಯಕ್ಷನು, ತಾನು ಲಕ್ಕಲಕಟ್ಟಿಯ ಗುಡಿಯೊಂದರಲ್ಲಿ ಯಾರಿಗೂ ತಿಳಿಸದೆ ಲಗ್ನವಾಗಿರುವುದಾಗಿಯೂ, ವಧುವು ತನಗಿಂತ ಹನ್ನೆರಡು ವರ್ಷ ಹಿರಿಯಳಾಗಿರುವುದಾಗಿಯೂ, ಆಕೆಗೆ ಎರಡು ಎಮ್ಮೆ ಹಾಗೂ ಒಬ್ಬ ಪೈಲ್ವಾನ ಅಣ್ಣ ಇರುವುದಾಗಿಯೂ ಸುಳ್ಳು ಸುಳ್ಳೇ ಘೋಷಿಸಿದ್ದನು. ತಾವು ಬಾಯಿ ಬಡಿದುಕೊಂಡು ಮೊದಲ ಬಸ್ಸಿಗೆ ಬರುವಿರೆಂದು ಎಣಿಸಿ ಬಸ್ ಸ್ಟ್ಯಾಂಡಿನಲ್ಲಿ ಕಾದಿದ್ದನು. ತಾವಾದರೋ ತಣ್ಣಗೆ ಬರೆದಿರಿ: "ಭಾಳ ಚಲೋ ಆತು. ಹಿಂಗ ಮಾಡ್ತಿರು."

ಹಿಂಗ ಮಾಡ್ತಿರು! ಇನ್ನೂ ಎಷ್ಟು ಸಲ ಮಾಡಿಕೊಳ್ಳಲವಾ?

ಅಕ್ಕಾ, ನಾ ಸೋತೆ. ಇಪ್ಪತ್ತೆರಡು ವರ್ಷ ಊರಿಗೆಲ್ಲಾ ಟೋಪಿಗಿ ಹಾಕಿದಾವಗ ನೀ ಒಂದ ಸಾಲಿನ್ಯಾಗ ಟೋಪಿಗಿ ಹಾಕಿದಿ. ಆಫ್ತಾಬಣ್ಣಗ ಓದಿ ತೋರಿಸಿದ್ರ, "ನಿಮ್ಮಕ್ಕನ್ನ ಅಂಗಡ್ಯಾಗ ಕೂಡಸೋಣು, ನೀ ಕೊಣ್ಣೂರಿಗೆ ಹೋಗಿ ರೊಟ್ಟಿ ಬಡಿ" ಅಂದ.

ಇನ್ನೊಂದು ಮಾತು. ಇದು ನಗೋದಲ್ಲ. ನಿಮ್ಮ ಹೊನ್ನವ್ವ ರಾಜೂರಿನ ತವರಿಗೆ ಬಂದಾಕಿ ಇಲ್ಲಿ ಸಂತ್ಯಾಗ ಅವ್ವಗ ಭೇಟಿ ಆಗಿದ್ಲು. ಅವ್ವ ಕೈ ಹಿಡದು ಮಾತಾಡಸಾಕ ಹೋದ್ರ ಕೈ ಬಿಡಿಸಿಕೊಂಡ್ಲಂತ. "ನಿನ್ನ ಮಗಳು ಈಗ ದೊಡ್ಡ ಮನಷ್ಯಾಳಾಗ್ಯಾಳ ಬಿಡವಾ. ಮನಿಗೆ ಹೋಗಿ ಕುಂಕುಮ ಹಚ್ಚಿ ಕರದು ಬಂದೆ. ಊಟದ ಹೊತ್ತಿಗೆ ಸೊಸಿನ್ನ ಕಳಿಸಿ ಎರಡನೇ ಕರೆನೂ ಕೊಟ್ಟೆ. ಆ ಹುಡುಗಿ ಬಾಗಲದಾಗ ನಿಂತು ಕೂಗಿ ಕೂಗಿ ಬಂತು. ಈಕಿ ಒಲಿ ಮುಂದಿಂದ ಹೊಳ್ಳಿ ಸತೇಕ ನೋಡಲಿಲ್ಲಂತ. ಇನ್ನ ಅಕೀ ನನ್ನ ಹೊಸ್ತಿಲ ತುಳಿಯೋದು ಬ್ಯಾಡ, ನಾ ಅಕೀ ಹೊಸ್ತಿಲ ತುಳಿಯಂಗಿಲ್ಲ" ಅಂದ್ಲಂತ.

ಅವ್ವ ಎರಡು ದಿನದಿಂದ ಉಣವಲ್ಲಳು. ನಿಂಗ ಗೊತ್ತಿಲ್ಲಂತಲ್ಲ, ನಮ್ಮ ಕಡೆ ಎರಡನೇ ಕರೆ ಬರೋತನಕ ಯಾರೂ ಊಟಕ್ಕ ಏಳಂಗಿಲ್ಲ, ಅದು ಬಂದ ಮ್ಯಾಲ ಕುಂತ್ರ ಕರದವರ ಮಾರಿಗೆ ಹೊಡದಂಗ. ಇದು ನಿನ್ನ ಚೇಷ್ಟಿ ಇದ್ರ, ಗುರುಗಳೇ, ಇದೊಂದು ಚಲೋ ಆಗಲಿಲ್ಲ. ನೆನಪು ಮಾಡೋ ಆ್ಯಪ್ ಒಂದೈತಿ, ಊಟದ ಹೊತ್ತು ಹಾಕಿ ಇಟ್ರ ಗಂಟಿ ಬಾರಸ್ತೈತಿ. ಹಾಕ್ಕೋ.

ಶಿಷ್ಯ,
ಕೊಟ್ರೇಶ


ಕೊಣ್ಣೂರು
9 ಸೆಪ್ಟೆಂಬರ್ 2025

ಕೊಟ್ಯಾ,

ನಾನೂ ಎರಡು ದಿನದಿಂದ ಉಂಡಿಲ್ಲ ಅಂತ ಅವ್ವಗ ಹೇಳು.

ಎರಡನೇ ಕರೆ ಬರಲಿಲ್ಲ. ನನ್ನ ಮಕ್ಕಳಾಣಿ, ಬರಲಿಲ್ಲ. ಅವತ್ತು ಚಿನ್ನೂಗ ಜ್ವರ ಬಂದಿದ್ವು, ಅತ್ತಿ ಮತ್ತ ಇವರು ಅಂವನ್ನ ನರಗುಂದದ ದವಾಖಾನಿಗೆ ಒಯ್ದಿದ್ರು. ಅಂವ ಅಳತಾನಂತ ಫೋನೂ ಕೊಟ್ಟು ಕಳಿಸಿದ್ದೆ. ಮನ್ಯಾಗ ನಾನು, ಕೂಸು ಇಬ್ಬರ. ಮುಂಜಾನೆ ಸೀರಿ ಉಟಗೊಂಡು, ಕೂಸಿಗೆ ಹೊಸಾ ಕುಂಚಗಿ ಕಟ್ಟಿ, ಕರೆಯಾಕ ಬರ್ತಾರ ಅಂತ ದಾರಿ ನೋಡಕೋತ ಒಲಿ ಮುಂದ ಹಾಲು ಕಾಸಕೋತ ಕುಂತೆ. ಎದುರು ಮನ್ಯಾಗ ಪಂಕ್ತಿ ಮ್ಯಾಲ ಪಂಕ್ತಿ ಎದ್ದು ಹೋದ್ವು, ಕಿಡಕ್ಯಾಗಿಂದ ನೋಡಿದೆ. ನನ್ನ ಯಾರೂ ಕರೀಲಿಲ್ಲ. ಸಂಜಿತನಕ ಉಟ್ಟ ಸೀರಿ ಉಟ್ಟಂಗ ಕುಂತು ಆಮ್ಯಾಲ ಮಡಚಿ ಇಟ್ಟೆ. ಆವತ್ತಿನಿಂದ ಅಕೀ ನನ್ನ ನೋಡಿದ್ರ ಮಾರಿ ಹೊಳ್ಳಸ್ತಾಳ. ತಾನು ಕರೀದ ನನ್ನ ಮ್ಯಾಲ ಹಾಕ್ತಾಳಲ್ಲಾ, ನಾ ಅಕೀಗೆ ಏನು ಮಾಡೀನಿ?

ನಿನ್ನ ಲಗ್ನದ ಸುದ್ದಿ ಸುಳ್ಳಂತ ನಂಗ ಮೊದಲ ಗೊತ್ತಿತ್ತು.

ಗಂಟಿ ಬಾರಸೋ ಆ್ಯಪ್ ಬ್ಯಾಡ. ಬ್ಯಾರೆ ಒಂದು ಬೇಕಾಗೈತಿ. ಕೂಸು ಅತ್ತರ ಫೋನ್ ಸಪ್ಪಳ ಮಾಡದ ಬರೇ ನಡಗೋವಂಥದ್ದು ಐತೇನು? ನನಗಲ್ಲ. ಬಾಜೂ ಮನಿ ರೇಷ್ಮಾ ಕೇಳ್ಯಾಳ. ಅಕೀಗೂ ಸಣ್ಣ ಕೂಸೈತಿ, ದಿನಪೂರ್ತಿ ಹೊಲಿಗಿ ಮಷೀನ್ ಮ್ಯಾಲ ಇರ್ತಾಳ. ಲಗೂ ಬರಿ.

ಮಹೇಶ್ವರಿ


ಗಜೇಂದ್ರಗಡ
16 ಸೆಪ್ಟೆಂಬರ್ 2025

ಅಖಿಲ ಗಜೇಂದ್ರಗಡ ಆ್ಯಪ್ ಶಿಫಾರಸು ಮಂಡಳಿ
ಶಿಶು ರೋದನ ಉಪಸಮಿತಿ

ವಿಷಯ: ರೇಷ್ಮಾ ಅವರ ಮಷೀನಿನ ಸಪ್ಪಳದಲ್ಲಿ ಮುಳುಗಿಹೋದ ಕೂಸಿನ ಅಳುವನ್ನು ಮೇಲೆತ್ತುವ ಬಗ್ಗೆ.

ಐತಿ. ಬ್ಯಾರೆ ಇಳಿಸಿಕೊಳ್ಳೋದೂ ಬೇಕಾಗಿಲ್ಲ, ಭಾಳ ಫೋನಿನ್ಯಾಗ ಮೊದಲ ಇರ್ತೈತಿ. ಸೆಟ್ಟಿಂಗ್ಸ್ ಒತ್ತಿ, ಅದರಾಗ "ಸುಲಭ ಬಳಕೆ" ಅಂತ ಹುಡುಕು, ಅದರಾಗ "ಧ್ವನಿ ಸೂಚನೆ". ಕೂಸಿನ ಅಳು, ಬಾಗಲ ಬಡಿಯೋದು, ನಾಯಿ ಬೊಗಳೋದು ಅಂತ ಬರ್ತಾವು. ಬೇಕಾದ್ದಕ್ಕ ಗುರುತು ಹಾಕಿ ಫೋನ್ ಮೈಗೆ ಹತ್ತಿ ಇಟಗೊಂಡ್ರ ಆತು, ಗಡಗಡ ನಡಗತೈತಿ, ಮ್ಯಾಲ ಅಕ್ಷರಾನೂ ಬರ್ತಾವು.

ಉಪಸಮಿತಿಯು ಇದನ್ನು ಅಂಗಡಿಯಲ್ಲಿ ಕೂಲಂಕಷವಾಗಿ ಪರೀಕ್ಷಿಸಿತು. ಮೊದಲು ಅಧ್ಯಕ್ಷರು ಸ್ವತಃ ಅತ್ತರು. ಫೋನ್ "ನಾಯಿ" ಎಂದಿತು. ಆಫ್ತಾಬಣ್ಣ ಅತ್ತ. ಫೋನ್ ಏನೂ ಅನ್ನಲಿಲ್ಲ, ಒಬ್ಬ ಗಿರಾಕಿ ಮಾತ್ರ "ಏನಾತ್ರೀ, ಯಾರು ತೀರಿಕೊಂಡ್ರು?" ಅಂತ ಒಳಗ ಬಂದ. ಕಡೀಕ ಆಫ್ತಾಬಣ್ಣನ ತಂಗಿ ಕೂಸು ತಂದು ಅದರ ಬಾಯಾಗಿನ ಬಿಸ್ಕೀಟು ಕಸಗೊಂಡಾಗ ಪರೀಕ್ಷೆ ಯಶಸ್ವಿಯಾಯಿತು. ಬಿಸ್ಕೀಟು ವಾಪಸ್ ಕೊಡಲಾಗಿದೆ.

ರೇಷ್ಮಾಗ ಹೇಳು, ಮಂಡಳಿಯ ಶುಲ್ಕ ಒಂದು ಅಂಗಿ, ಕಾಲರ್ ಚಲೋ ಇರಲಿ.

ಹೊನ್ನವ್ವನ ವಿಷಯ ಅವ್ವಗ ಹೇಳಿದೆ. "ಕರದೀನಿ ಅಂತ ಅಕೀ, ಕರದಿಲ್ಲ ಅಂತ ಈಕಿ, ಯಾರ ಮಾತು ನಂಬಲಿ?" ಅಂತಾಳ. ನೀ ಅಕೀ ಮನಿಗೆ ಹೋಗಿ ನೆಟ್ಟಗ ಕೇಳಿಬಿಡು.

ಕೊಟ್ರೇಶ


ಕೊಣ್ಣೂರು
25 ಸೆಪ್ಟೆಂಬರ್ 2025

ಕೊಟ್ಯಾ,

ನೀ ಬರದಂಗ ಮಾಡಿದೆ. ನಡಗತೈತಿ. ರೇಷ್ಮಾ ಭಾಳ ಖುಷಿ ಆಗ್ಯಾಳ. ಮೊದಲ ತೊಟ್ಟಲದ ಹಗ್ಗ ಕೈಗೆ ಕಟಗೊಂಡು ಮಲಗತಿದ್ಲು ಪಾಪ, ಕೂಸು ಒದ್ದಾಡಿದ್ರ ಹಗ್ಗ ಜಗ್ಗಿ ಎಚ್ಚರ ಆಗಲಿ ಅಂತ. ಮಣಿಕಟ್ಟು ಗೀರಿ ಗೀರಿ ಗಾಯ ಆಗಿತ್ತು. ಈಗ ಫೋನ್ ಎದಿ ಮ್ಯಾಲ ಇಟಗೊಂಡು ನಿದ್ದಿ ಮಾಡ್ತಾಳ. ಎಷ್ಟೋ ತಿಂಗಳಾದ ಮ್ಯಾಲ ಪೂರ್ತಿ ನಿದ್ದಿ. ನಿಂಗ ಪುಣ್ಯ ಬರಲಿ ಅಂತ ಹೇಳಂದ್ಲು.

ಹೊನ್ನವ್ವನ ಮನಿಗೆ ನಾ ಹೋಗಂಗಿಲ್ಲ. ಅಲ್ಲಿ ಹತ್ತು ಮಂದಿ ಇರ್ತಾರ, ಎಲ್ಲಾರೂ ಒಮ್ಮಿಗೇ ಮಾತಾಡ್ತಾರ. ನಾ ಏನಂತ ಉತ್ತರಾ ಕೊಡ್ಲಿ? ಈ ವಿಷಯ ಇನ್ನ ಬರೀಬ್ಯಾಡ.

ಮಹೇಶ್ವರಿ


ಗಜೇಂದ್ರಗಡ
29 ಸೆಪ್ಟೆಂಬರ್ 2025

ಅಕ್ಕಾ,

ಗೀರು ಇದ್ದದ್ದು ನಿನ್ನ ಕೈ ಮ್ಯಾಲ. ಪಂಚಮ್ಯಾಗ ನಾ ನೋಡೀನಿ.

ನಿನ್ನ ಪತ್ರ ಎಲ್ಲಾ ತಗದು ಒಂದರ ಮುಂದ ಒಂದು ಇಟಗೊಂಡು ಓದಿದೆ. ಕಣ್ಣಿಗೆ ಕಾಣೋ ಆ್ಯಪ್ ಬಗ್ಗೆ ನಾಕು ನಾಕು ಸಾಲು ಬರದಿ. ಕಿವಿಗೆ ಕೇಳೋದೆಲ್ಲಾ ಬರೇ "ಚಲೋನ ಐತಿ ಬಿಡು". ಮುಳ್ಳಿನ ಆ್ಯಪ್ ಒಲಿ ಹತ್ರ ಯಾಕ ಇಟ್ಟಿ ಅಂತ ನಂಗ ಈಗ ಹೊಳೀತು. ನನ್ನ ಲಗ್ನದ ಸುದ್ದಿ ನೀ ಕೇಳೇ ಇಲ್ಲ. ನಾ ಅದನ್ನ ಚೇಷ್ಟಿ ಅಂತ ಅಂಗಡಿ ಮುಂದ ನಿಂತು ಮಂದಿಗೆ ಹೇಳಿ ನಗಿಸಿದೆ.

ಹೊನ್ನವ್ವನ ಸೊಸಿ ಬಂದಿದ್ಲು ಅಕ್ಕಾ. ಬಾಗಲದಾಗ ನಿಂತು ಕರದಾಳ. ನಿನ್ನ ಬೆನ್ನು ಆ ಕಡೆ ಇತ್ತು.

ಇನ್ನೊಂದು ಆ್ಯಪ್ ಐತಿ. ಎದುರಿಗಿನವರು ಮಾತಾಡಿದ್ರ ಅದು ಮಾತನ್ನ ಅಕ್ಷರ ಮಾಡಿ ತೋರಸ್ತೈತಿ, ಕನ್ನಡದಾಗೂ ಬರ್ತೈತಿ. ಹ್ಯಾಂಗ ಹಚ್ಚೋದು ಅಂತ ಹಿಂದಿನ ಪುಟದಾಗ ಚಿತ್ರ ಬರದೀನಿ. ಬೇಕಾದ್ರ ಹಚ್ಕೋ, ಬ್ಯಾಡಾದ್ರ ಬಿಡು. ನಾ ಯಾರಿಗೂ ಹೇಳಿಲ್ಲ.

ಕೊಟ್ರೇಶ


ಗಜೇಂದ್ರಗಡ
11 ಅಕ್ಟೋಬರ್ 2025

ಅಕ್ಕಾ,

ನಿನ್ನ ಪತ್ರ ಇಲ್ಲ. ಹೊಳಿ ಬಂದು ಕೊಣ್ಣೂರು ಸೇತುವಿ ಮುಳಗೈತೇನೋ ಅಂತ ಬಸ್ ಸ್ಟ್ಯಾಂಡಿನ್ಯಾಗ ವಿಚಾರಿಸಿದೆ. ನರಗುಂದದ ಡ್ರೈವರ್ ಆಕಾಶ ನೋಡಿದ, ನನ್ನ ಮಾರಿ ನೋಡಿದ. "ಸೇತುವಿ ಒಣಾ ಒಣಾ ಐತಿ, ಬಸ್ಸು ದಿನಾ ನಡದಾವು, ನಿಂಗೇನಾಗೈತಿ?" ಅಂದ.

ಒಂದು ಚೇಷ್ಟಿ ಬರಿಬೇಕಂತ ಕುಂತೆ, ಬರವಲ್ದು. ಸಿಟ್ಟಾಗಿದ್ರ ಸಿಟ್ಟಂತಾದ್ರೂ ಬರಿ.

ಕೊಟ್ರೇಶ


ಕೊಣ್ಣೂರು
15 ಅಕ್ಟೋಬರ್ 2025

ಪ್ರೀತಿಯ ಕೊಟ್ಯಾ,

ಸಿಟ್ಟಿಲ್ಲ. ನಿನ್ನ ಪತ್ರ ಓದಿ ಮೊದಲ ಹರದು ಹಾಕಬೇಕಂತ ಮಾಡಿದ್ದೆ. ಹಿಂದಿನ ಪುಟದಾಗ ನೀ ಬರದ ಚಿತ್ರದಾಗ ಫೋನಿಗೆ ಮೀಸಿ ಇದ್ವು, ಅದನ್ನ ನೋಡಿ ಹರೀಲಿಲ್ಲ.

ಹೌದು. ಎರಡನೇ ಹೆರಿಗಿ ಆದ ಮ್ಯಾಲ ಶುರು ಆತು. ಮೊದಲ ಗಡಿಯಾರದ ಟಿಕ್ ಟಿಕ್ ಹೋತು, ಆಮ್ಯಾಲ ಕುಕ್ಕರಿನ ಸೀಟಿ, ಆಮ್ಯಾಲ ಬೆನ್ನ ಹಿಂದಿನ ಮಂದಿ. ಎದುರಿಗೆ ನಿಂತು ಮಾತಾಡಿದ್ರ ತುಟಿ ನೋಡಿ ಅರ್ಧಾ ತಿಳಕೋತೀನಿ, ಅರ್ಧಾ ನಕ್ಕು ಬಿಡ್ತೀನಿ. ಯಾಕ ಹೇಳಲಿಲ್ಲ ಅಂತ ನಿಂಗ ಅನಸಿರಬೇಕು, ಕೇಳು. ನಮ್ಮ ಓಣ್ಯಾಗ ಒಬ್ಬಾಕಿ ಮುದುಕಿ ಅದಾಳ. ಅಕೀಗೆ ಒಂದು ಹೆಸರು ಇತ್ತು ಅನ್ನೋದ ಯಾರಿಗೂ ನೆನಪಿಲ್ಲ, ಸಣ್ಣ ಹುಡುಗರೂ "ಕಿವುಡಿ" ಅಂತಾರ. ನಂಗ ನನ್ನ ಹೆಸರು ಭಾಳ ಸೇರತೈತಿ ಕೊಟ್ಯಾ.

ಹತ್ತು ದಿನ ನಿನ್ನ ಆ್ಯಪ್ ಮುಟ್ಟಲಿಲ್ಲ. ಮೊನ್ನೆ ಅಡಗಿ ಮನ್ಯಾಗ ಒಬ್ಬಾಕಿನ ಇದ್ದಾಗ ಹಚ್ಚಿ, ನೋಡೋಣಂತ ಕಿಡಕ್ಯಾಗ ಇಟ್ಟೆ. ಹೊರಗ ಕಟ್ಟಿ ಮ್ಯಾಲ ಅತ್ತಿ ರೇಷ್ಮಾನ ಕೂಡ ಮಾತಾಡ್ತಿದ್ಲು. ಅಕ್ಷರ ಒಂದೊಂದ ಒಂದೊಂದ ಬಿದ್ವು: "ನಾನು ಏನು ತಪ್ಪು ಮಾಡಿದೆ. ಮಗಳ ಹಾಗೆ ನೋಡಿಕೊಂಡೆ. ಕರೆದರೆ ತಿರುಗಿ ನೋಡುವುದಿಲ್ಲ. ನನ್ನ ಸೊಸೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ."

ನಾ ಅಂದುಕೊಂಡಿದ್ದೆ, ಮುಚ್ಚಿಟ್ರ ಯಾರಿಗೂ ನೋವಾಗಂಗಿಲ್ಲ ಅಂತ.

ಹೊರಗ ಹೋಗಿ ಅತ್ತಿ ಮುಂದ ಕುಂತು, "ಅತ್ತಿ, ನಾ ಮಾತು ಬಿಟ್ಟಿಲ್ಲ. ನಂಗ ಕೇಳಂಗಿಲ್ಲ" ಅಂದೆ. ಅಕೀ ರೇಷ್ಮಾನ ಬಿಟ್ಟು ನನ್ನ ಕಡೆ ಹೊಳ್ಳಿದ್ಲು. ಆಮ್ಯಾಲ ಶುರು ಮಾಡಿದ್ಲು ನೋಡು, ಕೈ ತಿರುವಿ, ಎದಿ ಬಡಕೊಂಡು, ನನ್ನ ಗಲ್ಲಾ ಹಿಡದು. ಫೋನ್ ಎಷ್ಟೋ ಹೊತ್ತು ಯೋಚನಿ ಮಾಡಿ ಎರಡ ಶಬ್ದಾ ಬರೀತು: "ಹುಚ್ಚಿ. ಮೊದಲೇ."

ಅದಕ್ಕ ನಮ್ಮ ಮಾತು ಹತ್ತರಾಗ ನಾಕ ತಿಳಿತಾವು. ಚಿನ್ನು ಸಾಲಿ ಪುಸ್ತಕ ತಂದು ಪಾಠ ಓದಿದ, ಒಂದಕ್ಷರ ಬಿಡದ ಬರೀತು. ಅವತ್ತಿನಿಂದ ನಮ್ಮ ಮನ್ಯಾಗ ಎಲ್ಲಾರೂ ಪುಸ್ತಕ ಆಗ್ಯಾರ. ಅತ್ತಿ ಸೆರಗು ಸರಿ ಮಾಡಿಕೊಂಡು ಫೋನಿನ ಮುಂದ ಬಂದು ನಿಂತು, "ಮಹೇಶ್ವರಿಯವರೇ, ಹಾಲು ಉಕ್ಕುತ್ತಿದೆ" ಅಂತಾಳ. ಅಷ್ಟು ಹೇಳಿ ಮುಗಿಸೋದ್ರಾಗ ಹಾಲು ಒಲ್ಯಾಗ ಇರ್ತೈತಿ. ಇವರಂತೂ ದೊಡ್ಡಾಟದ ರಾಜನಂಗ, "ಎಲೈ ಮಹೇಶ್ವರಿಯೇ, ರೊಟ್ಟಿಯನ್ನು ಬಡಿಸುವಂಥವಳಾಗು!" ಅಂತಾರ. ನಗಬಾರದಂದ್ರೂ ನಗಿ ಬರ್ತೈತಿ. ಈ ಮನ್ಯಾಗ ನಾ ಇಷ್ಟು ನಕ್ಕು ವರ್ಷ ಆಗಿತ್ತು.

ಅವ್ವಗ ನೀನ ಹೇಳು. ಅಳದಂಗ ಹೇಳು.

ಹೊನ್ನವ್ವನ ಸೊಸಿ ಖರೇನ ಬಂದಿದ್ಲು ಅನ್ನೋದು ಈಗ ನಂಗೂ ತಿಳೀತು. ಆದ್ರ ಅಕೀ ಹೊಸ್ತಿಲದ ಮುಂದ ಹೋದ್ರ ಹೊಳ್ಳಿ ಮನಿಗೆ ಬರ್ತೀನಿ. ಮನ್ಯಾಗ ಹೇಳೋದು ಬ್ಯಾರೆ, ಓಣ್ಯಾಗ ಹೇಳೋದು ಬ್ಯಾರೆ.

ನಿನ್ನ ಅಕ್ಕ,
ಮಹೇಶ್ವರಿ


ಗಜೇಂದ್ರಗಡ
18 ಅಕ್ಟೋಬರ್ 2025

ಅಖಿಲ ಗಜೇಂದ್ರಗಡ ಆ್ಯಪ್ ಶಿಫಾರಸು ಮಂಡಳಿ
ತುರ್ತು ಸಭೆಯ ನಡಾವಳಿ

ಹಾಜರಿದ್ದವರು: ಅಧ್ಯಕ್ಷರು, ಆಫ್ತಾಬಣ್ಣ, ಅವ್ವ (ಕಣ್ಣು ಒರೆಸಿಕೊಳ್ಳುತ್ತ), ಮೂರು ಚಾ.

ನಿರ್ಣಯ ಒಂದು. ಈ ಸಲದ ಶಿಫಾರಸು ಆ್ಯಪ್ ಅಲ್ಲ, ಡಾಕ್ಟರ್. ಗದಗಿನಲ್ಲಿ ಕಿವಿ ನೋಡುವ ನಿರ್ಮಲಾ ಎಂಬ ಡಾಕ್ಟರ್ ಇದ್ದಾರೆಂದು ಆಫ್ತಾಬಣ್ಣ ಸಭೆಯ ಗಮನಕ್ಕೆ ತಂದರು, ಅವನ ತಾಯಿಯ ಕಿವಿ ಅವರೇ ನೋಡಿದ್ದು. ಈ ಡಾಕ್ಟರ್ ಡೌನ್‌ಲೋಡ್ ಆಗುವುದಿಲ್ಲ, ಬಸ್ಸು ಹತ್ತಿಯೇ ಹೋಗಬೇಕು. ದೀಪಾವಳಿ ಮುಗಿದ ಮರುದಿನ ಕಲ್ಲೇಶ ಮಾವ ಕರೆದೊಯ್ಯತಕ್ಕದ್ದು, ಅಧ್ಯಕ್ಷರು ಗದಗಿನಲ್ಲಿ ಬಂದು ಕೂಡಿಕೊಳ್ಳತಕ್ಕದ್ದು.

ನಿರ್ಣಯ ಎರಡು. ಫೋನಿನ ಪರದೆ ಮೇಲೆ ಬಸ್ಸಿನ ಫಲಕದಂತೆ ದೊಡ್ಡ ಕೆಂಪು ಅಕ್ಷರ ಓಡಿಸುವ ಒಂದು ಆ್ಯಪ್ ಇದೆ. "ಬೇಕಂತ ಊಟ ತಪ್ಪಿಸಿಲ್ಲ" ಎಂದು ಬರೆದು ಹೊನ್ನವ್ವನ ಮನೆ ಮುಂದೆ ಎತ್ತಿ ಹಿಡಿದು ನಿಲ್ಲತಕ್ಕದ್ದು.

ಅವ್ವ ಈಗ ನನ್ನ ತಲಿಗೆ ಹೊಡದ್ಲು. ಎರಡನೇ ನಿರ್ಣಯ ರದ್ದಾಗಿದೆ. ಅಕೀ ಹೇಳಾಕತ್ತಿದ್ದು ಇದ್ದದ್ದು ಇದ್ದಂಗ ಬರಿತೀನಿ: "ಮಗಳ, ತಪ್ಪು ಮಾಡಿದವರಂಗ ತಲಿ ಬಗ್ಗಿಸಿ ಹೋಗಬ್ಯಾಡ. ಸುದ್ದಿ ಹೇಳಾಕ ಹೋದವರಂಗ ಹೋಗು. ಹೊನ್ನವ್ವ ಬಾಯಿಲೆ ಬೆಂಕಿ, ಆದ್ರ ಅಕೀ ಸಿಟ್ಟು ಬಂದದ್ದು ನಿನ್ನ ಮ್ಯಾಲ ಜೀವ ಇದ್ದದ್ದಕ್ಕ. ಜೀವ ಇಲ್ಲದವರಿಗೆ ನೀ ಉಂಡ್ರೇನು, ಬಿಟ್ರೇನು?"

ಹೋಗಕ್ಕಾ. ಹೊಳ್ಳಿ ಬಂದ್ರೂ ಮತ್ತ ಹೋಗು.

ಕೊಟ್ರೇಶ


ಕೊಣ್ಣೂರು
9 ನವೆಂಬರ್ 2025

ಕೊಟ್ಯಾ,

ಗದಗಿನ್ಯಾಗ ನೀನೂ ಇದ್ದಿ, ಅದನ್ನ ಮತ್ತ ಯಾಕ ಬರೀಲಿ. ನಿರ್ಮಲಾ ಡಾಕ್ಟರ್ ಹಾಳಿ ಮ್ಯಾಲ ಬರದು ತಿಳಿಸಿದ್ದು ದಿನಾ ಒಮ್ಮಿ ಓದತೀನಿ: ಕಿವಿಯೊಳಗಿನ ಸಣ್ಣ ಎಲುಬು ಬಿಗದೈತಿ, ಕೆಲವರಿಗೆ ಹೆರಿಗಿ ಆದ ಮ್ಯಾಲ ಇದು ಹೆಚ್ಚಾಗತೈತಿ, ಆಪರೇಷನ್ ಮಾಡಿದ್ರ ಭಾಳ ಮಂದಿಗೆ ಗುಣ ಐತಿ. ಕೂಸು ಹಾಲು ಬಿಟ್ಟ ಮ್ಯಾಲ ಮಾಡೋಣ ಅಂದಾರ. ಅಲ್ಲೀತನಕ ಬಲಗಿವಿಗೆ ಮಷೀನ್. ಅದನ್ನ ಹಾಕ್ಕೊಂಡ್ರ ತಾಟು, ನಾಯಿ, ಚಿನ್ನು, ಎಲ್ಲಾ ಒಂದ ಸಲ ತಲಿಯಾಗ ಬಿದ್ದಂಗ ಆಗತೈತಿ. ಒಂದು ತಾಸು ಹಾಕ್ಕೋತೀನಿ, ತಗೀತೀನಿ. ರೂಢಿ ಆಗತೈತಿ ಅಂದಾರ. ನೋಡೋಣು.

ಹೊನ್ನವ್ವನ ಮನಿಗೆ ಹೋದ ಸುದ್ದಿ ಹೇಳ್ತೀನಿ. ಗದಗಿನಿಂದ ಬಂದ ಎರಡನೇ ದಿನ, ಮಷೀನ್ ತಗದಿಟ್ಟು ಫೋನ್ ಹಿಡಕೊಂಡು ಹೋದೆ. ಗದ್ದಲದಾಗ ಮಷೀನಿಗಿಂತ ಫೋನಿನ ಮ್ಯಾಲ ನಂಗ ಭರೋಸಾ. ಅಕೀ ಕಟ್ಟಿ ಮ್ಯಾಲ ಉಳ್ಳಾಗಡ್ಡಿ ಹರವಿಕೊಂಡು ಕುಂತಿದ್ಲು. ನನ್ನ ನೋಡಿ ಮಾರಿ ಹೊಳ್ಳಿಸಿದ್ಲು. ನಾನೂ ಆ ಕಡೆ ಸುತ್ತು ಹಾಕಿ ಹೋಗಿ ಎದುರಿಗೆ ಕುಂತೆ.

"ದೊಡ್ಡಮ್ಮಾ, ನಂಗ ಕಿವಿ ಕೇಳಂಗಿಲ್ಲ. ಅವತ್ತು ನಿನ್ನ ಸೊಸಿ ಕರದದ್ದು ನಂಗ ಕೇಳಲಿಲ್ಲ. ನೀವು ಕರೀಲಿಲ್ಲ ಅಂತ ನಾ ಸಂಜಿತನಕ ಸೀರಿ ಉಟಗೊಂಡು ಕುಂತಿದ್ದೆ" ಅಂದೆ. ಆಮ್ಯಾಲ ಫೋನ್ ಮುಂದ ಹಿಡದೆ.

ಅಕೀ ಫೋನ್ ನೋಡಿದ್ಲು, ನನ್ನ ನೋಡಿದ್ಲು. ಅಕ್ಷರ ಬಿತ್ತು: "ಇದು ಏನು?"

"ನೀ ಮಾತಾಡಿದ್ದು ಬರಿತೈತಿ. ಪುಸ್ತಕದ ಮಾತು ಆಡಬೇಕು, ಸಾವಕಾಶ."

ಅಕೀ ಎಲ್ಲಿ ಸಾವಕಾಶ ಆಡ್ತಾಳ! ಎರಡು ತಿಂಗಳು ಹಿಡದಿಟ್ಟಿದ್ದು ಎಲ್ಲಾ ಒಮ್ಮಿಗೇ ಬಂತು. ಉಳ್ಳಾಗಡ್ಡಿ ಎತ್ತಿ ಎತ್ತಿ ಒಗೀತಿದ್ಲು. ಪರದಿ ಮ್ಯಾಲ ಚುಕ್ಕಿ, ಚುಕ್ಕಿ, ಚುಕ್ಕಿ, ನಡುವ ಒಂದು "ನಾಚಿಕೆ", ಮತ್ತ ಚುಕ್ಕಿ. ಕಡೀಕ ಸುಸ್ತಾಗಿ ನಿಂತ್ಲು. ಫೋನಿನ ಕಡೆ ಬಟ್ಟು ತೋರಿಸಿ ಒಂದೊಂದ ಅಕ್ಷರ ಬಿಡಿಸಿ ಕೇಳಿದ್ಲು: "ಎಲ್ಲಾ ಬರೆಯಿತೇ?"

"ಬೈದದ್ದು ಬರೀಲಿಲ್ಲ ದೊಡ್ಡಮ್ಮಾ. ಚುಕ್ಕಿ ಮಾಡೈತಿ."

ಆವಾಗ ನಕ್ಕಳು. ಕೊಟ್ಯಾ, ಅಕೀ ನಗಿ ನಂಗ ಕೇಳಂಗಿಲ್ಲ, ಆದ್ರ ಹೊಟ್ಟಿ ಕುಣಿಯೋದು ಕಾಣತೈತಿ. ಸೊಸಿನ್ನ ಕೂಗಿದ್ಲು, ಅಕೀ ಓಡಿ ಬಂದು ಬಾಗಲದಾಗ ನಿಂತ್ಲು. ಹೊನ್ನವ್ವ ಏನೋ ಅಂದ್ಲು, ಸೊಸಿ ಬಾಯಿ ಮ್ಯಾಲ ಕೈ ಇಟಗೊಂಡ್ಲು, ಕಣ್ಣಾಗ ನೀರು. ಅವತ್ತು ಬಾಗಲದಾಗ ನಿಂತು ಕೂಗಿ, ನನ್ನ ಬೆನ್ನು ನೋಡಿ ವಾಪಸ್ ಬಂದ ಮ್ಯಾಲ ಹೊನ್ನವ್ವನ ಕಡಿಂದ ಅಕೀನೂ ಬೈಸಿಕೊಂಡಿದ್ಲಂತ, "ನೀ ಸರಿಯಾಗಿ ಕರದಿಲ್ಲ" ಅಂತ. ಇಬ್ಬರೂ ಒಂದ ಪಾಪಕ್ಕ ಒಬ್ಬರನ್ನೊಬ್ಬರು ಶಪಿಸಕೋತ ಇದ್ವಿ.

ಹೊನ್ನವ್ವ ಅವತ್ತ ಒಂದು ಕಾಯಿದೆ ಮಾಡಿಬಿಟ್ಲು. ಫೋನಿನ ಮುಂದ ಬಾಯಿ ತಂದು, ನಿನ್ನ ಮಂಡಳಿಯವರಂಗ ಹೇಳಿದ್ಲು, ಬರದದ್ದನ್ನ ನಾ ಅಳಸಿಲ್ಲ: "ಇನ್ನು ಮೇಲೆ ಈ ಹುಡುಗಿಗೆ ಎರಡನೇ ಕರೆ ಬಾಗಿಲಲ್ಲಿ ನಿಂತು ಕೊಡಬಾರದು. ಒಳಗೆ ಹೋಗಿ ಕೈ ಹಿಡಿದು ಕರೆಯಬೇಕು." ಓಣಿ ತುಂಬ ಹೇಳಿ ಬಂದಾಳ. ಈಗ ಎಲ್ಲಾರಿಗೂ ಗೊತ್ತಾತು ನೋಡು, ನಾ ಅಂಜಿದ್ದು ಅದಕ್ಕ. ಮರುದಿನ ನೀರಿಗೆ ಹೋದಾಗ ಒಬ್ಬಾಕಿ ನನ್ನ ಭುಜ ಮುಟ್ಟಿ ತನ್ನ ಕಡೆ ತಿರುಗಿಸಿಕೊಂಡು ಮಾತಾಡಿಸಿದ್ಲು. ತುಟಿ ಮ್ಯಾಲ ಮೊದಲನೇ ಶಬ್ದ ನನ್ನ ಹೆಸರ ಇತ್ತು.

ಇನ್ನ ನಿನಗ ಒಂದು ಕೆಲಸ. ಓಣ್ಯಾಗಿನ ಆ ಮುದುಕಿ ಹೆಸರು ಕೇಳಿ ತಿಳಕೊಂಡೆ, ಶಾಂತವ್ವ. ಅಕೀಗೆ ಓದಾಕ ಬರಂಗಿಲ್ಲ, ಅದಕ್ಕ ಅಕ್ಷರದ ಆ್ಯಪ್ ನಡಿಯಂಗಿಲ್ಲ. ಚಿತ್ರ ತೋರಸೋ ಆ್ಯಪ್ ಏನರ ಐತೇನು, ಊಟ, ನೀರು, ದವಾಖಾನಿ ಅಂತ? ಹುಡುಕು. ಚೇಷ್ಟಿ ಮಾಡಬ್ಯಾಡ, ಖರೇ ಹುಡುಕು.

ಇವತ್ತು ಹೊನ್ನವ್ವನ ಮನ್ಯಾಗ ಹೊಸಾ ಟ್ರ್ಯಾಕ್ಟರಿನ ಪೂಜಿ ಐತಿ. ಮುಂಜಾನೆ ಕುಂಕುಮ ಹಚ್ಚಿ ಹೋಗ್ಯಾಳ. ಊಟಕ್ಕ ಇನ್ನೂ ಹೊತ್ತೈತಿ ಅಂತ ಇದನ್ನ ಬರಿಯಾಕ ಕುಂತೆ, ಇನ್ನೂ ಹೇಳೋದು ಭಾಳ ಇತ್ತು. ಆದ್ರ ಸೊಸಿ ಬಂದು ಎಡಗೈ ಹಿಡಕೊಂಡಾಳ, ಬಲಗೈಲೆ ಇಷ್ಟು ಗೀಚಾಕತ್ತೀನಿ. ಒಂದ ಗಳಗಿ ಅಂದ್ರ ಬಿಡವಲ್ಲಳು, ಜಗ್ಗಾಕತ್ತಾಳ.

ಎದ್ದೆ.